ಮಂಡಿ ಹೌಸ್: ಹಿಂದಿ ಸಿನಿಮಾದ ನಟರು ಪಳಗಿದ ವೃತ್ತ

ದೆಹಲಿಯ ಮಂಡಿ ಹೌಸ್‌ನಲ್ಲಿ ಮಂಡಿಯೂ ಇಲ್ಲ, ಹೌಸೂ ಇಲ್ಲ. ಹೆಸರು ಕೇಳಿ ಈರುಳ್ಳಿ ಮೂಟೆ, ಹಮಾಲರು, ಸಾಲುಗಟ್ಟಿದ ಲಾರಿಗಳನ್ನು ಕಲ್ಪಿಸಿಕೊಂಡು ಬಂದವರಿಗೆ ಇಲ್ಲಿ ಕಾಣುವುದು ಒಂದು ದೊಡ್ಡ ವೃತ್ತ, ಅದರಿಂದ ದಿಕ್ಕುದಿಕ್ಕಿಗೆ ಕವಲೊಡೆಯುವ ರಸ್ತೆಗಳು, ಬದಿಯಲ್ಲಿ ಹಳೆಯ ಮರಗಳು. ಹಿಮಾಚಲದ ಮಂಡಿ ಸಂಸ್ಥಾನದ ರಾಜರಿಗೆ ಒಂದು ಕಾಲದಲ್ಲಿ ಇಲ್ಲೊಂದು ಬಂಗಲೆ ಇತ್ತು. ಬಂಗಲೆ ಹೋಯಿತು, ಹೆಸರು ಉಳಿಯಿತು. ಮುಂದೆ ದೂರದರ್ಶನದ ಕೇಂದ್ರ ಕಚೇರಿ ಇಲ್ಲಿಗೆ ಬಂದಿತು. ಎಂಬತ್ತರ ದಶಕದಲ್ಲಿ ಧಾರಾವಾಹಿಯ ಮಂಜೂರಾತಿಗಾಗಿ ಅಲೆಯುತ್ತಿದ್ದ ನಿರ್ಮಾಪಕರ ಬಾಯಲ್ಲಿ ‘ಮಂಡಿ ಹೌಸ್’ ಎಂದರೆ ದೂರದರ್ಶನ ಎಂದೇ ಅರ್ಥವಾಗಿತ್ತು.

ಆದರೆ ಬಣ್ಣ ಹಚ್ಚುವ ಗೀಳು ಹತ್ತಿಸಿಕೊಂಡ ಉತ್ತರ ಭಾರತದ ಹುಡುಗ ಹುಡುಗಿಯರಿಗೆ ಈ ಹೆಸರಿನ ಅರ್ಥವೇ ಬೇರೆ. ಹಿಂದಿ ಸಿನಿಮಾದಲ್ಲಿ ಕಳೆದ ನಾಲ್ಕು ದಶಕಗಳ ಒಳ್ಳೆಯ ಅಭಿನಯಗಳನ್ನು ಒಂದು ಹಾಳೆಯ ಮೇಲೆ ಬರೆದು, ಪ್ರತಿ ನಟನೂ ಎಲ್ಲಿ ಪಳಗಿದ ಎಂದು ಹುಡುಕುತ್ತಾ ಹೋದರೆ, ಅರ್ಧಕ್ಕರ್ಧ ಹೆಸರುಗಳು ಮುಂಬೈಗೆ ಹೋಗುವ ಮುನ್ನ ಈ ವೃತ್ತವನ್ನು ಸುತ್ತಿಯೇ ಹೋಗಿರುತ್ತವೆ. ನಟನೆ ಹುಟ್ಟಿನಿಂದ ಬರುತ್ತದೆ, ಇಲ್ಲವೇ ಮನೆತನದಿಂದ ಬರುತ್ತದೆ ಎಂದು ನಂಬಿದವರು ಒಮ್ಮೆ ಇಲ್ಲಿ ಅಡ್ಡಾಡಿ ಹೋಗುವುದು ಒಳ್ಳೆಯದು.

ತಲುಪುವುದು ಸುಲಭ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಸುಮಾರು 2400 ಕಿಲೋಮೀಟರ್ ದಾಟಿ ನವದೆಹಲಿ ನಿಲ್ದಾಣದಲ್ಲಿ ಇಳಿದರೆ, ಅಲ್ಲಿಂದ ಮೆಟ್ರೊದಲ್ಲಿ ರಾಜೀವ್ ಚೌಕ, ಅಲ್ಲಿ ನೀಲಿ ಮಾರ್ಗಕ್ಕೆ ಬದಲಾಯಿಸಿದರೆ ಎರಡನೆಯದೇ ಮಂಡಿ ಹೌಸ್ ನಿಲ್ದಾಣ. ಮೇಲೆ ಬಂದವರಿಗೆ ಎತ್ತ ತಿರುಗಿದರೂ ಒಂದು ರಂಗಮಂದಿರ. ಕೊಪರ್ನಿಕಸ್ ಮಾರ್ಗದಲ್ಲಿ ಕಮಾನಿ ಸಭಾಂಗಣ. ಅದರ ಹತ್ತಿರವೇ ಸಂಗೀತ ನಾಟಕ, ಸಾಹಿತ್ಯ ಹಾಗೂ ಲಲಿತಕಲಾ ಅಕಾಡೆಮಿಗಳಿರುವ ರವೀಂದ್ರ ಭವನ. ತಾನ್‌ಸೇನ್ ಮಾರ್ಗದಲ್ಲಿ ತ್ರಿವೇಣಿ ಕಲಾ ಸಂಗಮ. ಒರಟು ಕಾಂಕ್ರೀಟಿನ ಗೋಡೆಗಳ ಶ್ರೀರಾಮ್ ಸೆಂಟರ್ ಇರುವ ರಸ್ತೆಗೆ ಸಫ್ದರ್ ಹಾಶ್ಮಿಯ ಹೆಸರು. 1989ರ ಹೊಸ ವರ್ಷದ ದಿನ ದೆಹಲಿ ಹೊರವಲಯದ ಸಾಹಿಬಾಬಾದಿನಲ್ಲಿ ಬೀದಿನಾಟಕ ಆಡುತ್ತಿದ್ದಾಗ ಹಲ್ಲೆಗೊಳಗಾಗಿ, ಮರುದಿನ ತೀರಿಕೊಂಡ ಕಲಾವಿದ ಅವರು. ರಾಜರು, ಮಂತ್ರಿಗಳ ಹೆಸರು ಹೊತ್ತ ರಸ್ತೆಗಳೇ ತುಂಬಿರುವ ರಾಜಧಾನಿಯಲ್ಲಿ ಒಬ್ಬ ಬೀದಿನಾಟಕದ ನಟನ ಹೆಸರೂ ಇದೆ ಎಂಬುದು ಸಣ್ಣ ಸಂಗತಿಯಲ್ಲ.

ಭಗವಾನ್‌ದಾಸ್ ರಸ್ತೆಗೆ ಹೊರಳಿದರೆ ಬಹಾವಲ್‌ಪುರ ಹೌಸ್. ಈಗ ಪಾಕಿಸ್ತಾನದಲ್ಲಿರುವ ಬಹಾವಲ್‌ಪುರ ಸಂಸ್ಥಾನದ ನವಾಬರ ದೆಹಲಿ ನಿವಾಸವಾಗಿದ್ದ ಈ ಕಟ್ಟಡದಲ್ಲಿ ರಾಷ್ಟ್ರೀಯ ನಾಟಕ ಶಾಲೆ ಇದೆ. ಎಲ್ಲರ ಬಾಯಲ್ಲೂ ಅದು ಎನ್‌ಎಸ್‌ಡಿ. ಸಂಗೀತ ನಾಟಕ ಅಕಾಡೆಮಿ 1959ರಲ್ಲಿ ಆರಂಭಿಸಿದ ಈ ಶಾಲೆ 1975ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಇದಕ್ಕೆ ಬೆನ್ನುಮೂಳೆ ಕೊಟ್ಟವರು 1962ರಿಂದ 1977ರವರೆಗೆ ನಿರ್ದೇಶಕರಾಗಿದ್ದ ಇಬ್ರಾಹಿಂ ಅಲ್ಕಾಜಿ. ಲಂಡನ್ನಿನಲ್ಲಿ ರಂಗಶಿಕ್ಷಣ ಪಡೆದು ಬಂದಿದ್ದ ಅಲ್ಕಾಜಿಯವರ ಶಿಸ್ತಿನ ಬಗ್ಗೆ ಹಳೆಯ ವಿದ್ಯಾರ್ಥಿಗಳು ಇಂದಿಗೂ ಭಯಭಕ್ತಿಯಿಂದ ಮಾತಾಡುತ್ತಾರೆ. ರಂಗ ಗುಡಿಸುವುದರಿಂದ ಹಿಡಿದು ದೀಪ ಕಟ್ಟುವುದು, ಸೆಟ್ಟಿಗೆ ಮೊಳೆ ಹೊಡೆಯುವುದು, ಬಟ್ಟೆ ಹೊಲಿಯುವುದು ಎಲ್ಲವೂ ಪಾಠವೇ. ನಟನಾಗಲು ಬಂದವನಿಗೆ ಸುತ್ತಿಗೆ ಏಕೆ ಎಂದು ಆಗ ಅನ್ನಿಸಿದ್ದಿರಬಹುದು.

ಅಲ್ಕಾಜಿಯವರ ಕೈಯಲ್ಲಿ 1973ರ ಹೊತ್ತಿಗೆ ಪಳಗಿ ಹೊರಬಂದವರಲ್ಲಿ ಇಬ್ಬರು ಗೆಳೆಯರಿದ್ದರು. ಒಬ್ಬರು ಇಂಗ್ಲಿಷ್ ಶಾಲೆಗಳಲ್ಲಿ ಓದಿದ್ದ ನಾಸಿರುದ್ದೀನ್ ಶಾ. ಇನ್ನೊಬ್ಬರು ಅಂಬಾಲಾದ ಬಡ ಮನೆಯಿಂದ, ಪಂಜಾಬಿ ಮಾಧ್ಯಮದಿಂದ ಬಂದಿದ್ದ ಓಂ ಪುರಿ. ಬಾಲ್ಯದಲ್ಲಿ ಚಹಾದಂಗಡಿಯಲ್ಲಿ ಲೋಟ ತೊಳೆದಿದ್ದ ಓಂ ಪುರಿಗೆ ಶಾಲೆಯಲ್ಲಿ ಕಾಡಿದ್ದು ನಟನೆಯಲ್ಲ, ಇಂಗ್ಲಿಷ್. ತರಗತಿಯಲ್ಲಿ ಬಾಯಿ ಬಿಡಲು ಹೆದರಿ ಬಿಟ್ಟುಹೋಗುವ ಯೋಚನೆಯನ್ನೂ ಮಾಡಿದ್ದಾಗಿ ಅವರೇ ಹೇಳಿಕೊಂಡಿದ್ದರು. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಕಾಲಿಟ್ಟ ನಮ್ಮ ಎಷ್ಟೋ ಮಕ್ಕಳಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಅದೇ ಓಂ ಪುರಿ 1980ರ ‘ಆಕ್ರೋಶ್’ನಲ್ಲಿ ಏನು ಮಾಡಿದರು ನೋಡಿ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಆದಿವಾಸಿ ಲಹಾನ್ಯಾ ಭಿಕು ಅವರ ಪಾತ್ರ. ಅವನ ಪರ ವಕೀಲನಾಗಿ ನಾಸಿರುದ್ದೀನ್ ಶಾ. ಒಬ್ಬ ಸಹಪಾಠಿ ಮಾತಾಡಿಸಲು ಹೆಣಗುತ್ತಾನೆ, ಇನ್ನೊಬ್ಬ ತುಟಿ ಬಿಚ್ಚುವುದಿಲ್ಲ. ಬಹುಪಾಲು ಚಿತ್ರವನ್ನು ಓಂ ಪುರಿ ಬರೀ ಕಣ್ಣು ಮತ್ತು ಬಿಗಿದ ದವಡೆಯಿಂದ ನಡೆಸುತ್ತಾರೆ. ಕೊನೆಗೆ ತಂದೆಯ ಚಿತೆಯ ಮುಂದೆ ಹೊರಡುವ ಆ ಚೀರಾಟ ಬಂದಾಗ, ಅಷ್ಟು ಹೊತ್ತು ಅವನು ಅದನ್ನು ಎಲ್ಲಿ ಅದುಮಿಟ್ಟಿದ್ದ ಎಂದು ನೋಡುವವರ ಎದೆ ನಡುಗುತ್ತದೆ. ಮೂರು ವರ್ಷದ ನಂತರ ‘ಅರ್ಧ್ ಸತ್ಯ’ದ ಸಬ್ ಇನ್‌ಸ್ಪೆಕ್ಟರ್ ಪಾತ್ರಕ್ಕೆ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಿತು. ಪ್ರಶಸ್ತಿಗಿಂತ ಆ ಮೌನವೇ ದೊಡ್ಡದು. ಎರಡೂ ಚಿತ್ರಗಳ ನಿರ್ದೇಶಕ ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಕರ್ನಾಟಕದ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ಹಿಂದಿ ಓದಿ, ಈ ಶಾಲೆಯಲ್ಲಿ ಕಲಿತಿದ್ದ ಬಿ.ವಿ. ಕಾರಂತರು ಅಲ್ಕಾಜಿಯವರ ನಂತರ, 1977ರಿಂದ 1981ರವರೆಗೆ, ಇದರ ನಿರ್ದೇಶಕರಾಗಿದ್ದರು. ಗಿರೀಶ ಕಾರ್ನಾಡರ ‘ತುಘಲಕ್’ ಹಿಂದಿಗೆ ಬಂದದ್ದೂ ಕಾರಂತರಿಂದಲೇ. ಇಲ್ಲಿಂದ ಸ್ವಲ್ಪ ದೂರದ ಪುರಾನಾ ಕಿಲಾದ ಬಯಲಿನಲ್ಲಿ ಅಲ್ಕಾಜಿ ಅದನ್ನು ಆಡಿಸಿದಾಗ ಮನೋಹರ ಸಿಂಗ್ ಮಾಡಿದ ಸುಲ್ತಾನನ ಪಾತ್ರ ಭಾರತೀಯ ರಂಗಭೂಮಿಯ ದಂತಕಥೆಗಳಲ್ಲಿ ಒಂದು. ಕಾರಂತರು ಬಂದ ಮೇಲೆ ಪಾಶ್ಚಾತ್ಯ ಶಿಸ್ತಿನ ಅಂಗಳಕ್ಕೆ ಚಂಡೆ ಮದ್ದಳೆಯ ಸದ್ದು ಹೊಕ್ಕಿತು. 1979ರಲ್ಲಿ ಅವರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ, ಯಕ್ಷಗಾನದ ಹೆಜ್ಜೆಗಳಲ್ಲಿ ಹಿಂದಿ ನಟರಿಂದ ಆಡಿಸಿದರು. ಪಂಜಾಬು, ಬಿಹಾರಗಳಿಂದ ಬಂದ ನಟರು ಕರಾವಳಿಯ ಬಯಲಾಟದ ಕುಣಿತ ಕಲಿತು ಸ್ಕಾಟ್ಲೆಂಡಿನ ರಾಜರಾದ ಸೋಜಿಗ ಅದು.

ಕಾಲು ಶತಮಾನ ಕಳೆದ ಮೇಲೆ ಅದೇ ‘ಮ್ಯಾಕ್‌ಬೆತ್’ ಮುಂಬೈ ಭೂಗತ ಲೋಕದ ಕಥೆಯಾಗಿ ತೆರೆಗೆ ಬಂದಿತು. ವಿಶಾಲ್ ಭಾರದ್ವಾಜರ 2003ರ ‘ಮಕ್ಬೂಲ್’. ಅದರ ತಾರಾಗಣ ನೋಡಿದರೆ ಭಗವಾನ್‌ದಾಸ್ ರಸ್ತೆಯ ಹಳೆಯ ವಿದ್ಯಾರ್ಥಿಗಳ ಸಮಾವೇಶವೇ ಸರಿ. ಮಕ್ಬೂಲ್ ಆಗಿ ಇರ್ಫಾನ್ ಖಾನ್, ಅವನ ಯಜಮಾನ ಅಬ್ಬಾಜಿಯಾಗಿ ಪಂಕಜ್ ಕಪೂರ್, ಭವಿಷ್ಯ ನುಡಿಯುವ ಪೊಲೀಸರಿಬ್ಬರು ಓಂ ಪುರಿ ಮತ್ತು ನಾಸಿರುದ್ದೀನ್ ಶಾ, ಗೆಳೆಯ ಕಾಕಾ ಆಗಿ ಪೀಯೂಷ್ ಮಿಶ್ರಾ. ಐವರೂ ಎನ್‌ಎಸ್‌ಡಿಯವರು. ಬೇರೆ ಬೇರೆ ವರ್ಷಗಳಲ್ಲಿ ಕಲಿತವರು, ಆದರೂ ಒಂದೇ ಮೇಳದವರಂತೆ ಒಬ್ಬರ ಮಾತಿಗೆ ಇನ್ನೊಬ್ಬರು ಜಾಗ ಬಿಡುತ್ತಾರೆ. ಈ ಐವರ ನಡುವೆ ಯಾವ ನಾಟಕ ಶಾಲೆಯ ಮುದ್ರೆಯೂ ಇಲ್ಲದ ತಬು ನಿಮ್ಮಿಯಾಗಿ ಸರಿಸಮ ನಿಲ್ಲುತ್ತಾರೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಪಂಕಜ್ ಕಪೂರ್ ಎಂದರೆ ಇಂದಿನ ತಂದೆತಾಯಿಯರಿಗೆ ನೆನಪಾಗುವುದು ದೂರದರ್ಶನದಲ್ಲಿ ಗಜ್ಜರಿ ಕಡಿಯುತ್ತಾ ಕೊಲೆಗಾರರನ್ನು ಹಿಡಿಯುತ್ತಿದ್ದ ಪತ್ತೇದಾರ ‘ಕರಮ್‌ಚಂದ್’. ಚಟಪಟ ಮಾತು, ಪುಟಿಯುವ ನಡಿಗೆ. ಆ ಮನುಷ್ಯನೇ ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಅಬ್ಬಾಜಿಯಾಗಿ ಬಂದಾಗ ಗುರುತೇ ಸಿಗುವುದಿಲ್ಲ. ಭುಜಗಳ ನಡುವೆ ಹೂತುಹೋದ ಕುತ್ತಿಗೆ, ಗಂಟಲಲ್ಲೇ ಉಳಿದುಬಿಡುವ ದನಿ, ಒಂದು ನೋಟ ತಿರುಗಿಸಲು ತೆಗೆದುಕೊಳ್ಳುವ ಸಾವಧಾನ. ಅಬ್ಬಾಜಿ ಎಲ್ಲೂ ಕಿರುಚುವುದಿಲ್ಲ. ಕೋಣೆಯಲ್ಲಿದ್ದವರೇ ಅವನ ಮಾತು ಕೇಳಲು ಮುಂದಕ್ಕೆ ಬಾಗುತ್ತಾರೆ, ಚಿತ್ರಮಂದಿರದಲ್ಲಿ ಕೂತವರೂ ಬಾಗುತ್ತಾರೆ. ಅಧಿಕಾರ ಎಂದರೆ ದನಿ ಎತ್ತುವುದಲ್ಲ ಎಂಬುದನ್ನು ಹಿಂದಿ ಸಿನಿಮಾ ಇಷ್ಟು ಚೆನ್ನಾಗಿ ತೋರಿಸಿದ್ದು ಅಪರೂಪ. ಇದಕ್ಕೆ ಸಿಕ್ಕಿದ್ದು ಪೋಷಕ ನಟ ರಾಷ್ಟ್ರಪ್ರಶಸ್ತಿ. ಚಿತ್ರದ ಮೊದಲರ್ಧ ನಿಂತಿರುವುದೇ ಆ ‘ಪೋಷಕ’ನ ಬೆನ್ನಿನ ಮೇಲೆ ಎಂಬುದು ಬೇರೆ ಮಾತು.

ರಂಗದಿಂದ ಬಂದವರಿಗೆ ಕ್ಯಾಮೆರಾದ ಮುಂದೆ ಕಷ್ಟವಾಗುವುದು ಇದೇ, ದನಿ ಇಳಿಸುವುದು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸಲು ಕಲಿತ ಗಂಟಲು ಮೂರು ಅಡಿ ದೂರದ ಮಸೂರಕ್ಕೆ ಹೆಚ್ಚಾಗುತ್ತದೆ. ಈ ಶಾಲೆಯಿಂದ ಹೊರಟ ಕೆಲವರಿಗಂತೂ ಈ ರೋಗ ಕೊನೆಯವರೆಗೂ ಬಿಡಲಿಲ್ಲ. ಬಿಟ್ಟವರಲ್ಲಿ ಮೊದಲಿಗರು ಇರ್ಫಾನ್.

ಜೈಪುರದಿಂದ 1984ರಲ್ಲಿ ಇಲ್ಲಿಗೆ ಬಂದ ಇರ್ಫಾನ್ ಖಾನ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಮೀರಾ ನಾಯರ್ ಅವರನ್ನು ‘ಸಲಾಂ ಬಾಂಬೆ’ಗೆ ಆರಿಸಿದ್ದರು. 1988ರಲ್ಲಿ ಚಿತ್ರ ತೆರೆಗೆ ಬಂದಾಗ ಉಳಿದಿದ್ದು ಬೀದಿಬದಿ ಕೂತು ಪರರ ಕಾಗದ ಬರೆದುಕೊಡುವವನ ಒಂದು ತುಣುಕು ಪಾತ್ರ. ಆಮೇಲೆ ಧಾರಾವಾಹಿಗಳ ಕಾಲ. ‘ಚಾಣಕ್ಯ’, ‘ಚಂದ್ರಕಾಂತಾ’ ನೋಡಿದವರು ಅವರನ್ನು ನೋಡಿರುತ್ತಾರೆ, ಹೆಸರು ತಿಳಿದಿರಲಿಕ್ಕಿಲ್ಲ. ಶಾಲೆ ಬಿಟ್ಟ ಮೇಲೆ ‘ಹಾಸಿಲ್’ ಮತ್ತು ‘ಮಕ್ಬೂಲ್’ ಬರುವವರೆಗೆ 16 ವರ್ಷ ಹಿಡಿಯಿತು. ‘ಹಾಸಿಲ್’ ಮಾಡಿದವರು ಶಾಲೆಯಲ್ಲಿ ಅವರಿಗಿಂತ ಕಿರಿಯರಾಗಿದ್ದ ತಿಗ್ಮಾಂಶು ಧುಲಿಯಾ. ಇಬ್ಬರೂ ಮತ್ತೆ ಕೂಡಿ ಮಾಡಿದ ‘ಪಾನ್ ಸಿಂಗ್ ತೋಮರ್’ 2012ರಲ್ಲಿ ಬಿಡುಗಡೆಯಾಗಿ ಇರ್ಫಾನ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದಿತು. ಸೈನ್ಯದಲ್ಲಿದ್ದು ಓಟದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿ, ಕೊನೆಗೆ ಚಂಬಲ್ ಕಣಿವೆಯಲ್ಲಿ ಬಂದೂಕು ಹಿಡಿದವನ ನಿಜಕಥೆ. ಐಸ್‌ಕ್ರೀಂ ಕರಗುವ ಮೊದಲು ಮೇಜರ್ ಮನೆಗೆ ಓಡಿ ತಲುಪಿಸುವ ಮುಗ್ಧ ಸಿಪಾಯಿಯೂ, ಊರಿನ ಅನ್ಯಾಯಕ್ಕೆ ಕಹಿಯಾದ ಡಕಾಯಿತನೂ ಒಬ್ಬನೇ ಎಂದು ನಂಬಿಸುವುದು ಸುಲಭದ ಕೆಲಸವಲ್ಲ.

ಆದರೂ ಇರ್ಫಾನ್‌ರ ಒಂದೇ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೆಂದರೆ ಅದು 2013ರ ‘ದಿ ಲಂಚ್‌ಬಾಕ್ಸ್’. ನಿವೃತ್ತಿಯ ಅಂಚಿನ ಗುಮಾಸ್ತ ಸಾಜನ್ ಫರ್ನಾಂಡಿಸ್‌ಗೆ ಬೇರೊಬ್ಬರ ಊಟದ ಡಬ್ಬಿ ಬಂದು ಬೀಳುತ್ತದೆ. ಕತೆ ಇಷ್ಟೇ. ಡಬ್ಬಿ ಬಿಚ್ಚುವ ಕೈ, ವಾಸನೆಗೆ ತುಸು ತಡೆಯುವ ಉಸಿರು, ಒಳಗಿನ ಚೀಟಿಯನ್ನು ಯಾರೂ ನೋಡುತ್ತಿಲ್ಲ ತಾನೇ ಎಂದು ಸುತ್ತ ಹೊರಳುವ ಕಣ್ಣು. ವರ್ಷಗಟ್ಟಲೆ ಒಬ್ಬನೇ ಉಂಡವನ ಮುಖದಲ್ಲಿ ರುಚಿ ಮರಳುವುದನ್ನು ಇರ್ಫಾನ್ ಒಂದೇ ಸಲಕ್ಕೆ ತೋರಿಸುವುದಿಲ್ಲ, ದಿನಕ್ಕಿಷ್ಟು ಎಂದು ಕೊಡುತ್ತಾರೆ. ಅವರ ಪಕ್ಕದಲ್ಲಿ ಕೆಲಸ ಕಲಿಯಲು ಬರುವ ಶೇಖ್ ಆಗಿ ನವಾಜುದ್ದೀನ್ ಸಿದ್ದಿಕಿ. ಲೋಕಲ್ ರೈಲಿನಲ್ಲಿ ಕಚೇರಿ ಕಡತದ ಮೇಲೆಯೇ ತರಕಾರಿ ಹೆಚ್ಚುವ ಈ ಶೇಖ್ ನಗಿಸುತ್ತಾನೆ, ಆದರೆ ತಾನು ಅನಾಥ ಎಂದು ಹೇಳುವ ಹೊತ್ತಿಗೆ ಕೂಡ ಅದೇ ನಗೆ ಮುಖದ ಮೇಲಿರುತ್ತದೆ. ಶಾಲೆಯಿಂದ ಒಂಬತ್ತು ವರ್ಷದ ಅಂತರದಲ್ಲಿ ಹೊರಬಿದ್ದ ಇಬ್ಬರು ಒಂದೇ ಮೇಜಿನ ಎದುರುಬದುರು ಕೂತು, ಯಾರೂ ಯಾರನ್ನೂ ಮೀರಿಸಲು ಹೋಗದೆ ಊಟ ಹಂಚಿಕೊಳ್ಳುವ ದೃಶ್ಯಗಳನ್ನು ಯಾವ ನಟನಾ ತರಗತಿಯಲ್ಲಾದರೂ ಪಾಠವಾಗಿ ಇಡಬಹುದು. ಇರ್ಫಾನ್ 2020ರ ಏಪ್ರಿಲ್ 29ರಂದು ತೀರಿಕೊಂಡರು.

ಶಾಲೆಗೆ ಸೇರಿದ ರೆಪರ್ಟರಿ ಕಂಪನಿಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಸುರೇಖಾ ಸಿಕ್ರಿಯವರದು ಇನ್ನೂ ದೀರ್ಘ ಪಯಣ. ‘ತಮಸ್’, ‘ಮಮ್ಮೊ’ ಮತ್ತು 2018ರ ‘ಬಧಾಯಿ ಹೋ’, ಮೂರಕ್ಕೂ ಪೋಷಕ ನಟಿ ರಾಷ್ಟ್ರಪ್ರಶಸ್ತಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಮೂವತ್ತು ವರ್ಷ. ‘ಬಾಲಿಕಾ ವಧು’ವಿನ ಗಡಸು ಅಜ್ಜಿಯಾಗಿ ಅವರು ಮನೆಮಾತಾಗಿದ್ದರು. ‘ಬಧಾಯಿ ಹೋ’ದಲ್ಲಿ ನಡುವಯಸ್ಸಿನಲ್ಲಿ ಬಸುರಿಯಾದ ಸೊಸೆಯನ್ನು ಚಿತ್ರದುದ್ದಕ್ಕೂ ಗೊಣಗಿ ಬೈಯುವ ಅತ್ತೆ, ಮದುವೆ ಮನೆಯಲ್ಲಿ ನೆಂಟರು ಅದೇ ಸೊಸೆಯನ್ನು ಆಡಿಕೊಂಡಾಗ ತಿರುಗಿಬೀಳುತ್ತಾಳೆ. ನಗುತ್ತಿದ್ದ ಪ್ರೇಕ್ಷಕರು ಕಣ್ಣೊರೆಸಿಕೊಂಡ ದೃಶ್ಯ ಅದು. ಎಪ್ಪತ್ತು ದಾಟಿದ ನಟಿಯ ಉಸಿರಿನ ಹಿಡಿತ ಎಂಥದ್ದೆಂದು ನೋಡಬೇಕು. ಅಸ್ಸಾಮಿನಿಂದ ಬಂದ ಸೀಮಾ ಬಿಸ್ವಾಸ್ ಕೂಡ ಇದೇ ಅಂಗಳದವರು. 1994ರ ‘ಬ್ಯಾಂಡಿಟ್ ಕ್ವೀನ್’ನ ಫೂಲನ್ ದೇವಿಯಾಗಿ ಅವರು ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಮಕ್ಕಳಿಗೆ ತೋರಿಸುವ ಚಿತ್ರವಲ್ಲ, ಆದರೆ ಅಷ್ಟು ಧೈರ್ಯದ ಅಭಿನಯ ಹಿಂದಿಯಲ್ಲಿ ವಿರಳ.

ಬಾಗಿಲು ಎಲ್ಲರಿಗೂ ತೆರೆಯಲಿಲ್ಲ. ಬಿಹಾರದ ಪಶ್ಚಿಮ ಚಂಪಾರಣದ ಹಳ್ಳಿಯಿಂದ ಬಂದ ಮನೋಜ್ ಬಾಜಪೇಯಿ ಅವರನ್ನು ಈ ಶಾಲೆ ಮತ್ತೆ ಮತ್ತೆ ತಿರಸ್ಕರಿಸಿತು. ಅವರು ಊರಿಗೆ ಹಿಂದಿರುಗಲಿಲ್ಲ. ದೆಹಲಿಯಲ್ಲೇ ಉಳಿದು ಬ್ಯಾರಿ ಜಾನ್ ಅವರ ಬಳಿ ಕಲಿತರು. 1998ರ ‘ಸತ್ಯಾ’ದಲ್ಲಿ ಭಿಕು ಮ್ಹಾತ್ರೆಯಾಗಿ ಬಂದಾಗ ಮುಖ್ಯ ಪಾತ್ರವೇ ಮಂಕಾಗುವಂತೆ ಮಾಡಿದರು. ಶ್ರೀರಾಮ್ ಸೆಂಟರ್‌ನಲ್ಲಿ ಪಳಗಿದ ರಾಜ್‌ಕುಮಾರ್ ರಾವ್ ಮುಂದೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್‌ಗೆ ಹೋಗಿ, ‘ಶಾಹಿದ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಗಳಿಸಿದರು. ಇನ್ನು ಶಾರುಖ್ ಖಾನ್ ಈ ಶಾಲೆಯ ವಿದ್ಯಾರ್ಥಿಯಲ್ಲ, ಆದರೆ ಅವರ ತಂದೆ ಇಲ್ಲಿ ಕ್ಯಾಂಟೀನ್ ನಡೆಸುತ್ತಿದ್ದುದರಿಂದ ಬಾಲ್ಯದಲ್ಲೇ ಈ ಅಂಗಳ ನೋಡಿದ್ದಾಗಿ ಅವರು ಹೇಳಿಕೊಂಡಿದ್ದಾರೆ.

ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: ಮೂರು ವರ್ಷ ಕಲಿತ ಮೇಲೆ ಮುಂದೇನು? ನವಾಜುದ್ದೀನ್ ಅವರ ಲೆಕ್ಕ ನೋಡಬಹುದು. ರಸಾಯನಶಾಸ್ತ್ರದ ಪದವೀಧರ, ವಡೋದರದಲ್ಲಿ ಕೆಮಿಸ್ಟ್ ಕೆಲಸ ಮಾಡಿದ್ದವರು, ನಾಟಕದ ಹುಚ್ಚಿನಿಂದ ದೆಹಲಿಗೆ ಬಂದು ಹೊಟ್ಟೆಪಾಡಿಗೆ ಕಾವಲುಗಾರನಾಗಿದ್ದವರು. 1996ರಲ್ಲಿ ಶಾಲೆ ಮುಗಿಸಿದರು. 1999ರ ‘ಸರ್ಫರೋಶ್’ನಲ್ಲಿ ಪೆಟ್ಟು ತಿನ್ನುವ ಆರೋಪಿ, ‘ಮುನ್ನಾಭಾಯಿ’ಯಲ್ಲಿ ಜೇಬುಗಳ್ಳ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಪಾತ್ರಗಳು. ಹೆಸರು ಬಂದದ್ದು 2012ರಲ್ಲಿ ‘ಗ್ಯಾಂಗ್ಸ್ ಆಫ್ ವಾಸೆಪುರ್’ ಹಾಗೂ ‘ಕಹಾನಿ’ಯಿಂದ. ಇಲ್ಲೂ 16 ವರ್ಷ. ಎರಡು ಬಾರಿ ಆಯ್ಕೆಯಾಗದೆ ಮೂರನೆಯ ಸಲ ಒಳಬಂದು 2004ರಲ್ಲಿ ಹೊರಹೋದ ಪಂಕಜ್ ತ್ರಿಪಾಠಿ ಕೂಡ ಎಂಟು ವರ್ಷ ಕಾದರು. ಇವರು ಗೆದ್ದವರು, ಹಾಗಾಗಿ ಇವರ ಕಾಯುವಿಕೆ ಕತೆಯಾಗಿದೆ. ಕಾದೂ ಕಾದೂ ಹೆಸರಾಗದವರ ಸಂಖ್ಯೆ ಇದರ ಹಲವು ಪಟ್ಟು. ಅವರಲ್ಲಿ ಎಷ್ಟೋ ಜನ ತಮ್ಮ ತಮ್ಮ ಊರುಗಳಿಗೆ ಮರಳಿ ನಾಟಕ ಆಡಿಸುತ್ತಾರೆ, ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಅದನ್ನು ಸೋಲೆಂದು ಕರೆಯುವ ಮುನ್ನ, ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1973ರಲ್ಲಿ ಇಲ್ಲಿಂದ ಹೊರಬಂದು ಕನ್ನಡ ರಂಗಭೂಮಿಗೆ ಕೊಟ್ಟದ್ದನ್ನು ನೆನೆದರೆ ಸಾಕು.

ಪ್ರವೇಶಕ್ಕೆ ಯಾವುದೇ ವಿಷಯದಲ್ಲಿ ಪದವಿ, ಕೆಲವು ನಾಟಕಗಳಲ್ಲಿ ದುಡಿದ ಅನುಭವ, ಹಿಂದಿ ಮತ್ತು ಇಂಗ್ಲಿಷಿನ ವ್ಯವಹಾರ ಜ್ಞಾನ ಬೇಕು. ಇಡೀ ದೇಶಕ್ಕೆ ವರ್ಷಕ್ಕೆ ಸಿಗುವುದು ಸುಮಾರು 30 ಸ್ಥಾನ ಮಾತ್ರ. ಆಯ್ಕೆಯಾದವರಿಗೆ ವಿದ್ಯಾರ್ಥಿವೇತನ ಇದೆ. ಎಂದರೆ ಹಣವಿಲ್ಲ ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಅಷ್ಟು ದೂರ ಏಕೆ ಎನ್ನುವವರಿಗೆ ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಇದೇ ಶಾಲೆಯ ಕೇಂದ್ರವಿದ್ದು, ಅಲ್ಲಿ ಒಂದು ವರ್ಷದ ತರಬೇತಿ ನಡೆಯುತ್ತದೆ. 1980ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವಂತೂ ನಮ್ಮ ಮನೆಯಂಗಳದಲ್ಲೇ ಇದೆ. ಪದವಿ ಮುಗಿಸಿ, ಒಂದೆರಡು ವರ್ಷ ಊರಿನಲ್ಲೇ ನಾಟಕ ಆಡಿ, ಆಮೇಲೂ ಹುಚ್ಚು ಇಳಿಯದಿದ್ದರೆ ದೆಹಲಿಯ ರೈಲು ಹತ್ತುವುದು ಲೇಸು.

ಸುಮ್ಮನೆ ನೋಡಲು ಹೋಗುವವರು ಜನವರಿ, ಫೆಬ್ರುವರಿಯ ಹೊತ್ತಿಗೆ ಹೋಗಬೇಕು. 1999ರಲ್ಲಿ ಶುರುವಾದ ಭಾರತ ರಂಗ ಮಹೋತ್ಸವ ಸಾಮಾನ್ಯವಾಗಿ ಆಗ ನಡೆಯುತ್ತದೆ, ಬೇರೆ ಬೇರೆ ಭಾಷೆಗಳ ನಾಟಕ ನೋಡಲು ಸಿಗುತ್ತವೆ. ಚಳಿ ಬಲವಾಗಿರುತ್ತದೆ, ಸ್ವೆಟರ್ ಮರೆಯುವಂತಿಲ್ಲ. ನಾಟಕಕ್ಕೆ ಇನ್ನೂ ಹೊತ್ತಿದ್ದರೆ ತ್ರಿವೇಣಿಯ ಉಪಾಹಾರ ಗೃಹದಲ್ಲಿ ಬಿಸಿ ತಿಂಡಿ, ಇಲ್ಲವೇ ನಡೆದು ಹೋಗುವಷ್ಟೇ ದೂರದ ಬೆಂಗಾಲಿ ಮಾರ್ಕೆಟ್‌ನಲ್ಲಿ ಗೋಲ್‌ಗಪ್ಪಾ. ಸಂಜೆ ರಂಗಮಂದಿರಗಳ ಎದುರಿನ ಫುಟ್‌ಪಾತ್‌ನಲ್ಲಿ ಚಹಾ ಲೋಟ ಹಿಡಿದ ಹುಡುಗರು, ಹುಡುಗಿಯರು ಗುಂಪುಗೂಡುತ್ತಾರೆ. ಕೆಲವರ ಬಗಲಲ್ಲಿ ಮಾಸಿದ ಜೋಳಿಗೆ, ಕೈಯಲ್ಲಿ ಮಡಚಿದ ಮಾತಿನ ಪ್ರತಿ. ಒಬ್ಬ ಗೋಡೆಯ ಕಡೆ ಮುಖ ಮಾಡಿ ಮಾತು ಒಪ್ಪಿಸಿಕೊಳ್ಳುತ್ತಿರುತ್ತಾನೆ. ಗಂಟೆ ಬಾರಿಸಿದ ಕೂಡಲೇ ಲೋಟ ಅಲ್ಲೇ ಇಟ್ಟು ಎಲ್ಲರೂ ಒಳಗೆ ಓಡುತ್ತಾರೆ.